ಶಾಲೆ ಕಟ್ಟಿಸಿಕೊಟ್ಟರೂ ಊರಿಗೆ ಕಾರ್ಖಾನೆ ಮೇಲೆ ಸಿಟ್ಟು ಯಾಕೆ?

ಪ್ರಶ್ನೆ: ನಾನು ದೊಡ್ಡ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಕಂಪನಿ ಅಕ್ಕಪಕ್ಕದ ಜನರಿಗಾಗಿ ಶಾಲೆ ಕಟ್ಟಿಸಿದೆ, ಆರೋಗ್ಯ ಶಿಬಿರ ನಡೆಸುತ್ತದೆ, ಆಟದ ಮೈದಾನ ಮಾಡಿಕೊಟ್ಟಿದೆ. ಆದರೂ ಊರಿನವರಿಗೆ ನಮ್ಮ ಮೇಲೆ ನಂಬಿಕೆಯಿಲ್ಲ. ಇನ್ನೇನು ಮಾಡಬೇಕು?

ಉತ್ತರ: ಬಹಳ ಕಡೆ ಆಗುವುದು ಇಷ್ಟೇ. ಊರಿನವರು ಧೂಳಿನ ಬಗ್ಗೆ ಕೇಳುತ್ತಾರೆ, ಕಂಪನಿ ಶಾಲೆ ಕೊಡುತ್ತದೆ. ಶಾಲೆ ಒಳ್ಳೆಯದೇ, ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಉತ್ತರ ಬಾರದ ಕಡೆ ಕೊಡುಗೆ ಜಾಸ್ತಿಯಾದಷ್ಟೂ ಅನುಮಾನ ಬೆಳೆಯುತ್ತದೆ. ‘ನಮ್ಮ ಬಾಯಿ ಮುಚ್ಚಿಸೋಕೆ ಕೊಡ್ತಿದ್ದಾರೆ’ ಎಂದು ಜನ ಮಾತಾಡಿಕೊಳ್ಳುತ್ತಾರೆ.

ಆ ಅನುಮಾನಕ್ಕೆ ಆಧಾರವೂ ಇದೆ. ಜಪಾನಿನ ಮಿನಮಾತದಲ್ಲಿ ಚಿಸ್ಸೋ ಎಂಬ ರಾಸಾಯನಿಕ ಕಂಪನಿ ಪಾದರಸ ಬೆರೆತ ನೀರನ್ನು ಸಮುದ್ರಕ್ಕೆ ಬಿಡುತ್ತಿತ್ತು. ಅಲ್ಲಿನ ಮೀನು ತಿಂದವರ ನರಗಳು ಹಾಳಾದವು. ಕಾಯಿಲೆ ಅಧಿಕೃತವಾಗಿ ದಾಖಲಾಗಿದ್ದು 1956ರಲ್ಲಿ. 1959ರಲ್ಲಿ ಕಂಪನಿ ಆಸ್ಪತ್ರೆಯ ವೈದ್ಯರೇ ಕಾರ್ಖಾನೆಯ ಕೊಳೆ ನೀರನ್ನು ಬೆಕ್ಕಿನ ಆಹಾರಕ್ಕೆ ಬೆರೆಸಿ ಪರೀಕ್ಷೆ ಮಾಡಿದರು. ಬೆಕ್ಕಿಗೂ ಅದೇ ಕಾಯಿಲೆ ಬಂತು. ಕಂಪನಿ ಆ ವಿಷಯವನ್ನು ಮುಚ್ಚಿಟ್ಟಿತು. ಅದೇ ವರ್ಷದ ಕೊನೆಗೆ ರೋಗಿಗಳ ಕುಟುಂಬಗಳಿಗೆ ಸಾಂತ್ವನದ ಹಣ ಎಂದು ಸ್ವಲ್ಪ ಕೊಟ್ಟು, ಮುಂದೆ ಕಾರ್ಖಾನೆಯೇ ಕಾರಣವೆಂದು ಗೊತ್ತಾದರೂ ಹೆಚ್ಚಿಗೆ ಕೇಳುವುದಿಲ್ಲ ಎಂದು ಬರೆಸಿಕೊಂಡಿತು. ಪಾದರಸ ಬಿಡುವುದು ನಿಂತಿದ್ದು 1968ರಲ್ಲಿ. 1973ರಲ್ಲಿ ನ್ಯಾಯಾಲಯ ಆ ಒಪ್ಪಂದಕ್ಕೆ ಬೆಲೆಯೇ ಇಲ್ಲ ಎಂದಿತು. ನಿಮ್ಮ ಕಂಪನಿ ಹಾಗಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಬೇಲಿಯ ಆಚೆ ನಿಂತವರಿಗೆ ನೀವು ಹಾಗಿಲ್ಲ ಎಂದು ಗೊತ್ತಾಗುವುದಾದರೂ ಹೇಗೆ?

ಮೊದಲ ಕೆಲಸ ದೂರುಗಳನ್ನು ಸರಿಯಾಗಿ ತೆಗೆದುಕೊಳ್ಳುವುದು. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತುವವರು ಬೇಕು. ಎತ್ತಿದವರಿಗೆ ಆ ಹೊತ್ತಿನ ಶಿಫ್ಟ್ ನೋಡಿಕೊಳ್ಳುವವರ ಜೊತೆ ಮಾತಾಡುವ ಅಧಿಕಾರ ಇರಬೇಕು. ಆಮೇಲೆ ಏನು ಕಂಡಿತು, ಏನು ಮಾಡಿದೆವು ಎಂದು ದೂರು ಕೊಟ್ಟವರಿಗೇ ತಿರುಗಿ ಹೇಳಬೇಕು. ‘ಕಾರಣ ಇನ್ನೂ ಸಿಕ್ಕಿಲ್ಲ’ ಎನ್ನುವುದೂ ಒಂದು ಉತ್ತರವೇ. ಬಹಳಷ್ಟು ಕಡೆ ತಪ್ಪುವುದು ಈ ಕೊನೆಯ ಹೆಜ್ಜೆ. ದೂರು ಪುಸ್ತಕದಲ್ಲಿ ಬರೆದಿರುತ್ತಾರೆ, ರಿಪೇರಿಯೂ ಆಗಿರುತ್ತದೆ, ಆದರೆ ಫೋನ್ ಮಾಡಿದವರಿಗೆ ಏನೂ ಗೊತ್ತಿರುವುದಿಲ್ಲ. ವಿಶ್ವಸಂಸ್ಥೆ 2011ರಲ್ಲಿ ಒಪ್ಪಿದ ವ್ಯವಹಾರ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ತತ್ವಗಳು ಇನ್ನೂ ಒಂದು ಮುಖ್ಯ ಮಾತು ಹೇಳುತ್ತವೆ: ಕಂಪನಿಯ ದೂರು ವ್ಯವಸ್ಥೆ ಜನರನ್ನು ನ್ಯಾಯಾಲಯಕ್ಕೆ ಹೋಗದಂತೆ ತಡೆಯುವ ದಾರಿ ಆಗಬಾರದು.

ಕಲ್ಲುಗಣಿಯ ಸ್ಫೋಟದ ಜಗಳವನ್ನೇ ನೋಡಿ. ಮನೆ ನಡುಗಿತು, ಗೋಡೆ ಬಿರುಕು ಬಿಟ್ಟಿತು ಎಂದು ಜನ ಹೇಳುತ್ತಾರೆ. ಕಂಪನ ಮಿತಿಯೊಳಗೇ ಇತ್ತು ಎಂದು ಎಂಜಿನಿಯರ್ ಹೇಳುತ್ತಾರೆ. ಇಬ್ಬರೂ ನಿಜ ಹೇಳುತ್ತಿರಬಹುದು. ಗೋಡೆಗೆ ಪೆಟ್ಟಾಗುವುದಕ್ಕಿಂತ ಎಷ್ಟೋ ಕಡಿಮೆ ಕಂಪನವೂ ನಮ್ಮ ಮೈಗೆ ಗೊತ್ತಾಗುತ್ತದೆ. ಹಾಗಾಗಿ ಹೆದರಿಕೆ ನಿಜ, ಬಿರುಕಿನ ಕಾರಣ ಬೇರೆ ಇರಬಹುದು. ಆದರೆ ಸ್ಫೋಟ ಶುರುವಾದ ಮೇಲೆ ಇದನ್ನು ಬಿಡಿಸಿ ಹೇಳಿದರೆ ಯಾರು ನಂಬುತ್ತಾರೆ? ಕೆಲಸ ಆರಂಭಿಸುವ ಮೊದಲೇ ಪ್ರತಿ ಮನೆಯ ಗೋಡೆಗಳ ಫೋಟೋ ತೆಗೆದು, ಒಂದು ಪ್ರತಿಯನ್ನು ಮನೆಯವರ ಕೈಗೇ ಕೊಟ್ಟಿರಬೇಕು. ಹೊಸ ಬಿರುಕು ಯಾವುದು, ಹಳೆಯದು ಯಾವುದು ಎಂಬ ಜಗಳದ ಬಹುಪಾಲು ಅಲ್ಲೇ ಮುಗಿಯುತ್ತದೆ. ಹೊಸದು ಬಂದಿದ್ದರೆ ಕಂಪನಿ ರಿಪೇರಿ ಮಾಡಿಸಿಕೊಡಬೇಕು, ಅಷ್ಟೇ.

ಇನ್ನು ಅಳತೆ. ‘ನಮ್ಮ ಗಾಳಿ ಸ್ವಚ್ಛವಾಗಿದೆ’ ಎಂಬ ಬೋರ್ಡಿಗಿಂತ ಬೇಲಿಯ ಹತ್ತಿರ ಇಟ್ಟ ಅಳತೆಯ ಉಪಕರಣ ಹೆಚ್ಚು ಮಾತಾಡುತ್ತದೆ. ಅಮೆರಿಕದಲ್ಲಿ 2015ರ ನಿಯಮದ ಪ್ರಕಾರ ತೈಲ ಶುದ್ಧೀಕರಣ ಘಟಕಗಳು ಬೇಲಿಯುದ್ದಕ್ಕೂ ಸಣ್ಣ ಕೊಳವೆಗಳನ್ನಿಟ್ಟು ಗಾಳಿಯಲ್ಲಿರುವ ಬೆಂಜೀನ್ ಎಂಬ ವಿಷಕಾರಿ ರಾಸಾಯನಿಕವನ್ನು ಅಳೆಯಬೇಕು. ಎರಡೆರಡು ವಾರಕ್ಕೊಮ್ಮೆ ಕೊಳವೆಗಳು ಪ್ರಯೋಗಾಲಯಕ್ಕೆ ಹೋಗುತ್ತವೆ. ಘಟಕದಿಂದ ಬರುವ ಬೆಂಜೀನ್ ವರ್ಷದ ಸರಾಸರಿಯಲ್ಲಿ ಘನ ಮೀಟರಿಗೆ 9 ಮೈಕ್ರೋಗ್ರಾಂ ದಾಟಿದರೆ ಕಾರಣ ಹುಡುಕಿ ಸರಿಪಡಿಸಬೇಕು. ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು. ನನಗೆ ಇದರಲ್ಲಿ ಹಿಡಿಸುವುದು ಕೊನೆಯ ಮಾತು. ಫೈಲಿನೊಳಗೆ ಉಳಿದ ಅಂಕಿಯಿಂದ ನಂಬಿಕೆ ಹುಟ್ಟುವುದಿಲ್ಲ.

ಅಳೆಯುವವರು ಕಂಪನಿಯವರೇ ಆದರೆ? ಅಮೆರಿಕದ ಮೊಂಟಾನಾ ರಾಜ್ಯದ ಸ್ಟಿಲ್‌ವಾಟರ್ ಗಣಿ ಇದಕ್ಕೊಂದು ದಾರಿ ತೋರಿಸಿದೆ. 2000ರಲ್ಲಿ ಗಣಿ ಕಂಪನಿಯೂ ಸ್ಥಳೀಯ ಸಂಘಟನೆಗಳೂ ಸೇರಿ ಒಂದು ‘ಒಳ್ಳೆಯ ನೆರೆಹೊರೆ’ ಒಪ್ಪಂದ ಮಾಡಿಕೊಂಡವು. ಕಾನೂನಿನಲ್ಲಿ ನಿಲ್ಲುವ ಒಪ್ಪಂದ ಅದು. ನೀರಿನ ಅಳತೆಗಳನ್ನು ಜನರ ಪರವಾಗಿ ಪರಿಶೀಲಿಸುವ ತಜ್ಞರ ಖರ್ಚು ಕಂಪನಿಯದು. ರಸ್ತೆಯಲ್ಲಿ ವಾಹನ ಕಡಿಮೆ ಮಾಡುವುದಕ್ಕೂ ಅದರಲ್ಲಿ ಷರತ್ತುಗಳಿವೆ. 2017ರಲ್ಲಿ ಗಣಿ ಬೇರೆ ಕಂಪನಿಯ ಕೈಗೆ ಹೋದ ಮೇಲೂ ಒಪ್ಪಂದ ಮುಂದುವರಿದಿದೆ. ಬರವಣಿಗೆಯಲ್ಲಿ ಇರುವುದರ ಲಾಭ ಇದು. ಒಳ್ಳೆಯ ಮ್ಯಾನೇಜರ್ ವರ್ಗವಾಗಿ ಹೋದರೆ ಬಾಯಿಮಾತಿನ ಭರವಸೆಯೂ ಅವರ ಜೊತೆಗೇ ಹೋಗುತ್ತದೆ.

ಕೆಟ್ಟ ಸುದ್ದಿಯನ್ನು ನೀವೇ ಮೊದಲು ಹೇಳಿ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ಅನಿಲ ಸೋರಿದಾಗ ಸುತ್ತಲಿನ ಜನರಿಗೆ ಅದೇನು, ಎತ್ತ ಓಡಬೇಕು ಎಂಬುದು ಗೊತ್ತಿರಲಿಲ್ಲ. ಸಾವಿರಾರು ಜನ ಸತ್ತರು. ಅದಾದ ಮೇಲೆ, 1986ರಲ್ಲಿ, ಕಾರ್ಖಾನೆಯಲ್ಲಿ ಯಾವ ರಾಸಾಯನಿಕ ಇದೆ ಎಂದು ತಿಳಿಯುವ ಹಕ್ಕನ್ನು ಅಮೆರಿಕ ಕಾನೂನಾಗಿ ಮಾಡಿತು. ನಿಮ್ಮಲ್ಲಿ ಏನಿದೆ, ಸೈರನ್ ಕೂಗಿದರೆ ಒಳಗೆ ಇರಬೇಕೋ ಹೊರಗೆ ಹೋಗಬೇಕೋ ಎಂಬುದು ಪಕ್ಕದ ಮನೆಯ ಮಕ್ಕಳಿಗೂ ಗೊತ್ತಿರಬೇಕು. ಸಣ್ಣ ವಿಷಯಗಳೂ ಹಾಗೆಯೇ. ನಾಳೆ ರಾತ್ರಿ ಚಿಮಣಿಯಲ್ಲಿ ದೊಡ್ಡ ಬೆಂಕಿ ಕಾಣುತ್ತದೆ ಎಂದು ಇವತ್ತೇ ತಿಳಿಸಿದರೆ ಎಷ್ಟೋ ಜನ ನೆಮ್ಮದಿಯಾಗಿ ಮಲಗುತ್ತಾರೆ.

ಗುತ್ತಿಗೆದಾರರ ಲಾರಿಗಳನ್ನು ಮರೆಯಬೇಡಿ. ಊರಿಗೆ ಅದು ನಿಮ್ಮ ಲಾರಿಯೇ.

ಇಷ್ಟೆಲ್ಲಾ ಮಾಡಿದರೂ ಕೆಲವರು ‘ಕಾರ್ಖಾನೆಯೇ ಬೇಡ’ ಎನ್ನಬಹುದು. ಜಮೀನು ಕಳೆದುಕೊಂಡವರು, ಮನೆಯಲ್ಲಿ ಕಾಯಿಲೆ ಕಂಡವರು ಹಾಗೆ ಹೇಳಿದರೆ ಅದು ಅವರ ಹಕ್ಕು. ಅವರನ್ನು ಸಭೆಯಿಂದ ದೂರ ಇಟ್ಟರೆ ಉಳಿದವರೂ ಗಮನಿಸುತ್ತಾರೆ. ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ಕಳೆದ ವರ್ಷದ ದೂರಿನ ಪುಸ್ತಕ ತೆಗೆಯಿರಿ. ಉತ್ತರ ಸಿಗದವರ ಹೆಸರುಗಳನ್ನು ಗುರುತು ಹಾಕಿಕೊಳ್ಳಿ. ತುಂಬಾ ಸಿಟ್ಟಾಗಿರುವವರ ಮನೆಗೆ ಮೊದಲು ಹೋಗಿ, ನಿರ್ಧಾರ ತೆಗೆದುಕೊಳ್ಳುವ ಅಧಿಕಾರಿಯನ್ನೂ ಜೊತೆಗೆ ಕರೆದುಕೊಂಡು.