ಕಬ್ಬು ಕಡಿಯಲು ಹೋದ ಊರಿನ ಅಂಗನವಾಡಿಯಲ್ಲಿ ಮಗುವನ್ನು ಸೇರಿಸಿಕೊಳ್ಳುತ್ತಾರೆಯೇ?

ಪ್ರಶ್ನೆ: ನಾವು ವಿಜಯಪುರ ಜಿಲ್ಲೆಯ ತಾಂಡಾದವರು. ದೀಪಾವಳಿ ಮುಗಿಯುತ್ತಲೇ ಕಬ್ಬಿನ ಗ್ಯಾಂಗ್ ಜೊತೆ ಬೆಳಗಾವಿ ಕಡೆ ಹೋಗುತ್ತೇವೆ, ತಿರುಗಿ ಬರುವುದು ಯುಗಾದಿ ಹೊತ್ತಿಗೆ. ನಾಲ್ಕು ವರ್ಷದ ಮಗಳು ಇಲ್ಲಿ ಅಂಗನವಾಡಿಗೆ ಹೋಗುತ್ತಾಳೆ. ಅಲ್ಲಿಯೂ ಸೇರಿಸಿಕೊಳ್ಳುತ್ತಾರೆಯೇ? ಬಿಪಿಎಲ್ ಕಾರ್ಡ್ ಬೇಕೇ?

ಉತ್ತರ: ಸೇರಿಸಿಕೊಳ್ಳಬೇಕು, ಬಿಪಿಎಲ್ ಕಾರ್ಡ್ ಬೇಕಿಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯ ಉಚಿತ ಆಹಾರ ಹಕ್ಕು. ಮಗು ಎಲ್ಲಿದೆಯೋ ಅಲ್ಲಿಯ ಕೇಂದ್ರವೇ ಅದನ್ನು ಕೊಡಬೇಕು. ನಿಮ್ಮ ಮಗಳ ವಯಸ್ಸಿನವರಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಎಂಬ ಲೆಕ್ಕ ಮೂಲ ಕಾಯ್ದೆಯಲ್ಲಿತ್ತು, 2023ರಲ್ಲಿ ಅದನ್ನು ಪರಿಷ್ಕರಿಸಲಾಗಿದೆ. ನಮ್ಮ ರಾಜ್ಯದಲ್ಲಿ ಇದರ ಜೊತೆಗೆ ಕ್ಷೀರ ಭಾಗ್ಯದ ಹಾಲೂ ಸಿಗುತ್ತದೆ: 15 ಗ್ರಾಂ ಪುಡಿ ಕಲಸಿದ 150 ಮಿಲಿ. ಐದು ತಿಂಗಳು ಇದೆಲ್ಲ ತಪ್ಪಿದರೆ ಮಗುವಿನ ತೂಕ ಇಳಿಯಬಹುದು.

ಕೆಲಸ ಶುರುವಾಗಬೇಕಾದದ್ದು ನಿಮ್ಮ ಊರಿನಲ್ಲೇ. ಗಂಟುಮೂಟೆ ಕಟ್ಟುವ ಮೊದಲೇ ಅಕ್ಕೋರಿಗೆ (ಅಂಗನವಾಡಿ ಕಾರ್ಯಕರ್ತೆಗೆ) ಹೇಳಿ. ಅಂಗನವಾಡಿಯವರು ದಾಖಲೆ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ದಾಖಲೆಯನ್ನು ಬೇರೆ ಕೇಂದ್ರಕ್ಕೆ ವರ್ಗಾಯಿಸಲು ಬರುತ್ತದೆ, ಮಹಾರಾಷ್ಟ್ರಕ್ಕೆ ಹೋಗುವವರಿಗೂ ಇದು ಅನ್ವಯ. ಹೇಳದೆ ಹೋದರೆ ಹೆಸರು ಹಳೆಯ ಕೇಂದ್ರದಲ್ಲೇ ಉಳಿಯುತ್ತದೆ, ಹೊಸ ಕೇಂದ್ರದವರು ಸೇರಿಸಲು ಹೋದಾಗ ತೊಡಕಾಗುತ್ತದೆ. ತಾಯಿ ಕಾರ್ಡ್, ತಾಯಿಯ ಆಧಾರ್, ಅದಕ್ಕೆ ಜೋಡಿಸಿದ ನಂಬರಿನ ಮೊಬೈಲ್, ಈ ಮೂರೂ ನಿಮ್ಮ ಕೈಯಲ್ಲೇ ಇರಲಿ. ಗ್ಯಾಂಗಿನ ಮುಖ್ಯಸ್ಥ ಮುಕಾದಮನ ಹತ್ತಿರ ಬಿಡಬೇಡಿ. ಮಗುವಿನದೇ ಆಧಾರ್ ಕಡ್ಡಾಯವಲ್ಲ, ತಾಯಿಯದು ನಡೆಯುತ್ತದೆ.

ಗುಡಿಸಲು ಹಾಕಿದ ವಾರದೊಳಗೆ ಆ ಊರಿನ ಅಂಗನವಾಡಿಗೆ ಹೋಗಿ. ‘ನಮ್ಮ ಸರ್ವೆಯಲ್ಲಿ ನಿಮ್ಮ ಹೆಸರಿಲ್ಲ’ ಎಂಬ ಮಾತು ಅಲ್ಲಿ ಬರಬಹುದು. ಆ ಅಕ್ಕೋರ ಕಷ್ಟವೂ ಗೊತ್ತಿರಲಿ: ರೇಷನ್ ಬರುವುದು ದಾಖಲಾದ ಮಕ್ಕಳ ಲೆಕ್ಕದ ಮೇಲೆ, ಒಂದು ಗ್ಯಾಂಗಿನ ಹದಿನೈದು ಮಕ್ಕಳು ದಿಢೀರನೆ ಬಂದರೆ ಅವರ ಡಬ್ಬಿಯಲ್ಲಿ ಅಷ್ಟು ಅಕ್ಕಿ ಬೇಳೆ ಇರುವುದಿಲ್ಲ. ಆದ್ದರಿಂದ ಒಬ್ಬೊಬ್ಬರೇ ಹೋಗುವ ಬದಲು ಮಕ್ಕಳೆಲ್ಲರ ಹೆಸರು, ವಯಸ್ಸು, ತಾಯಿಯ ಹೆಸರು ಒಂದೇ ಹಾಳೆಯಲ್ಲಿ ಬರೆದು ಕೊಡಿ, ಒಂದು ಪ್ರತಿ ಮೇಲ್ವಿಚಾರಕಿಗೆ ತಲುಪಲಿ. ಆಗಲೂ ಆಗದಿದ್ದರೆ ತಾಲೂಕಿನ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ಬೆಲೆ ಕಡಿಮೆ.

ಮೂರು ವರ್ಷದೊಳಗಿನ ಕೂಸು ಇದ್ದರೆ ಲೆಕ್ಕ ಬೇರೆ. ಅವರಿಗೆ ಸಿಗುವುದು ಮನೆಗೆ ಒಯ್ಯುವ ಆಹಾರದ ಪಾಕೀಟು. 2025ರ ಜುಲೈನಿಂದ ಅದನ್ನು ಪಡೆಯುವವರ ಮುಖ ಗುರುತಿನ ಪರಿಶೀಲನೆ ಬಂದಿದೆ. ಕೂಸನ್ನು ಅಜ್ಜಿಯ ಹತ್ತಿರ ಬಿಟ್ಟು ತಾಯಿ ಗದ್ದೆಗೆ ಹೋದರೆ ತೊಂದರೆ ಇಲ್ಲೇ ಹುಟ್ಟುತ್ತದೆ. ಹೊರಡುವ ಮೊದಲೇ, ಪಾಕೀಟು ಯಾರು ಒಯ್ಯಬೇಕು ಎಂದು ಅಕ್ಕೋರನ್ನು ಕೇಳಿ ಸರಿಮಾಡಿಸಿ.

ಇನ್ನು ದೂರದ ಮಾತು. ಗುಡಿಸಲು ಊರಿಂದ ಮೂರು ಕಿಲೋಮೀಟರ್ ಆಚೆ ಇದ್ದರೆ ಹೆಸರು ಸೇರಿದರೂ ಮಗು ಹೋಗುವುದಿಲ್ಲ. ನಸುಕಿನಲ್ಲೇ ಕೊಯ್ತಕ್ಕೆ ಹೋಗುವ ತಾಯಿ ಯಾವಾಗ ಬಿಟ್ಟುಬರಬೇಕು? ಮಕ್ಕಳನ್ನು ಕರೆದೊಯ್ಯಲು ಗ್ಯಾಂಗಿನಲ್ಲಿ ದಿನಕ್ಕೊಬ್ಬರ ಪಾಳಿ ಹಚ್ಚಿ, ಆ ಪಾಳಿಯ ಕೂಲಿಯನ್ನು ಎಲ್ಲರೂ ಹಂಚಿಕೊಳ್ಳುವ ಮಾತನ್ನು ಉಚಲ್ (ಮುಂಗಡ ಹಣ) ಪಡೆಯುವಾಗಲೇ ಆಡಿ. ವರ್ಷವಿಡೀ ನೆಲೆಸಿದ ವಸತಿಯಾದರೆ ಇನ್ನೊಂದು ದಾರಿಯೂ ಇದೆ: ಆರು ವರ್ಷದೊಳಗಿನ 40 ಮಕ್ಕಳಿದ್ದು ಕೇಂದ್ರವಿಲ್ಲದಿದ್ದರೆ, ಬೇಡಿಕೆ ಸಲ್ಲಿಸಿದ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ.

ಯುಗಾದಿಗೆ ಊರಿಗೆ ಬಂದ ವಾರದಲ್ಲೇ ಮಗಳ ತೂಕ ಹಾಕಿಸಿ, ತೋಳಿನ ಪಟ್ಟಿಯಿಂದ ಅಳೆಸಿ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ‘ಬಿಸಿಲಿಗೆ ಸೊರಗಿದ್ದಾಳೆ’ ಎಂದು ಕೂರದೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಅಲ್ಲಿಂದ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಬರೆದುಕೊಟ್ಟರೆ ಸಾಮಾನ್ಯವಾಗಿ 14 ದಿನ ತಾಯಿ ಮಗು ಇಬ್ಬರೂ ಅಲ್ಲಿರಬೇಕಾಗುತ್ತದೆ. ಆ ದಿನಗಳ ಕೂಲಿ ನಷ್ಟಕ್ಕೆ ತಾಯಿಗೆ ಪರಿಹಾರ ಧನವಿದೆ, ಕೇಳಿ ಪಡೆಯಿರಿ.