ರಿವಾಲ್ವರಿನ ಬ್ಯಾರಲ್: ಒಂದು ಥ್ರೆಡ್, ಮೂರು ಲೆಕ್ಕ

ಕೋಲ್ಟ್ ಕಂಪನಿಯ 1851ರ ನೇವಿ ರಿವಾಲ್ವರಿನಲ್ಲಿ ಪಕ್ಕದ ಬೆಣೆಯನ್ನು ಹೊರಗೆ ತಳ್ಳಿ ಎಳೆದರೆ ಬ್ಯಾರಲ್ ಕೈಗೇ ಬರುತ್ತದೆ. 1873ರ ಸಿಂಗಲ್ ಆಕ್ಷನ್ ಆರ್ಮಿಯಲ್ಲಿ ಅದೇ ಕಂಪನಿ ಗುಂಡು ತುಂಬುವ, ತಿರುಗುವ ಸಿಲಿಂಡರಿನ ಮೇಲೂ ಉಕ್ಕಿನ ಪಟ್ಟಿಯಿರುವ ಅಖಂಡ ಫ್ರೇಮ್ ಮಾಡಿ, ಬ್ಯಾರಲನ್ನು ಅದಕ್ಕೆ ತಿರುಪಿನಂತೆ ಬಿಗಿಯಿತು. ರಿವಾಲ್ವರ್ ಗಟ್ಟಿಯಾಯಿತು. ಬ್ಯಾರಲ್ ಬದಲಿಸುವುದು ಮಾತ್ರ ಲೇತ್ ಬೇಡುವ ಕೆಲಸವಾಯಿತು.

ತಿರುಪು ಬಿಚ್ಚಿ ಇನ್ನೊಂದು ಹಾಕುವುದರಲ್ಲಿ ಏನು ಕಷ್ಟ ಎನಿಸಬಹುದು. ಆದರೆ ಇಲ್ಲಿ ಒಂದೇ ಥ್ರೆಡ್, ಅಂದರೆ ತಿರುಪಿನ ಸುತ್ತುಗೆರೆ, ಮೂರು ಸಂಗತಿಗಳನ್ನು ನಿರ್ಧರಿಸುತ್ತದೆ: ಗುರಿ ಹಿಡಿಯಲು ಮೂತಿಯ ಮೇಲಿರುವ ಫ್ರಂಟ್ ಸೈಟ್ ನೆಟ್ಟಗೆ ನಿಲ್ಲುತ್ತದೆಯೇ, ಬ್ಯಾರಲ್ ಎಷ್ಟು ಬಿಗಿಯಾಗಿದೆ, ಬ್ಯಾರಲಿನ ಹಿಂತುದಿಗೂ ಸಿಲಿಂಡರಿಗೂ ನಡುವೆ ಎಷ್ಟು ಸಂದು ಉಳಿದಿದೆ. ಒಂದನ್ನು ಸರಿಪಡಿಸಲು ಹೋದರೆ ಇನ್ನೊಂದು ಕೆಡುತ್ತದೆ.

ಸ್ಮಿತ್ ಅಂಡ್ ವೆಸನ್‌ನ ಮಧ್ಯಮ ಗಾತ್ರದ ಕೆ ಫ್ರೇಮನ್ನೇ ತೆಗೆದುಕೊಳ್ಳಿ. ಅದರ ಥ್ರೆಡ್ಡಿನ ವ್ಯಾಸ 0.540 ಇಂಚು, ಇಂಚಿಗೆ 36 ಸುತ್ತು. ಒಂದು ಪೂರ್ತಿ ಸುತ್ತಿಗೆ ಬ್ಯಾರಲ್ ಸುಮಾರು 0.7 ಮಿಲಿಮೀಟರ್ ಒಳಗೆ ಸರಿಯುತ್ತದೆ, ಅಂದರೆ ಒಂದು ಡಿಗ್ರಿಗೆ ಹೆಚ್ಚುಕಡಿಮೆ ಎರಡು ಮೈಕ್ರಾನ್. ಬ್ಯಾರಲಿನಲ್ಲಿ ಫ್ರೇಮಿಗೆ ತಾಗಿ ನಿಲ್ಲುವ ಅಂಚನ್ನು, ಅಂದರೆ ಶೋಲ್ಡರನ್ನು, ಲೇತಿನಲ್ಲಿ 0.05 ಮಿ.ಮೀ. ಸವರಿ ತೆಗೆದರೆ ಸಾಕು, ಫ್ರಂಟ್ ಸೈಟ್ 25 ಡಿಗ್ರಿ ಮುಂದಕ್ಕೆ ತಿರುಗಿಬಿಡುತ್ತದೆ.

ಬಿಚ್ಚುವಾಗ ಮೊದಲು ನೋಡಬೇಕಾದ್ದು ಪಿನ್. 1980ರ ದಶಕದ ಆರಂಭದವರೆಗೆ ಈ ಕಂಪನಿ ಬ್ಯಾರಲ್ ತಿರುಗದಂತೆ ಫ್ರೇಮಿನ ಮೇಲ್ಭಾಗದಲ್ಲಿ ಅಡ್ಡಲಾಗಿ ಸಣ್ಣ ಪಿನ್ ಹೊಡೆಯುತ್ತಿತ್ತು. ಅದು ಬ್ಯಾರಲಿನ ಥ್ರೆಡ್ ಮೇಲಿನ ತೋಡಿನಲ್ಲಿ ಕೂರುತ್ತದೆ. ಪಾಲಿಶ್ ಆದ ಫ್ರೇಮಿನಲ್ಲಿ ಅದು ಕಣ್ಣಿಗೆ ಬೀಳುವುದೇ ಕಷ್ಟ. ಪಿನ್ ಹೊಡೆದು ತೆಗೆಯದೆ ತಿರುಗಿಸಿದರೆ ಪಿನ್ನೂ ತುಂಡಾಗುತ್ತದೆ, ಥ್ರೆಡ್ಡೂ ಹರಿಯುತ್ತದೆ. ಇನ್ನೊಂದು ಅನಾಹುತ, ಸಿಲಿಂಡರ್ ತೆಗೆದ ಕಿಟಕಿಯಲ್ಲಿ ಸುತ್ತಿಗೆಯ ಹಿಡಿ ತೂರಿಸಿ ತಿರುಚುವುದು. ಫ್ರೇಮ್ ಸೊಟ್ಟಗಾಗುತ್ತದೆ, ಆಮೇಲೆ ಸಿಲಿಂಡರಿನಲ್ಲಿ ಗುಂಡು ಕೂರುವ ಯಾವ ಕೋಣೆಯೂ ಬ್ಯಾರಲಿಗೆ ನೇರವಾಗಿ ನಿಲ್ಲದು. ಫ್ರೇಮಿನ ಆಕಾರಕ್ಕೇ ಕೊರೆದ ಅಚ್ಚಿನೊಳಗೆ ಅದರ ಮುಂಭಾಗವನ್ನು ಹಿಡಿದು ಬಿಚ್ಚುವುದೊಂದೇ ಸರಿದಾರಿ. ಹಳೆಯ ಬ್ಯಾರಲ್ ಹೇಗೂ ಬೇಡವೆಂದಾದರೆ, ಶೋಲ್ಡರಿನ ಬಳಿ ಲೇತಿನಲ್ಲಿ ಸುತ್ತಲೂ ಕಿರಿದಾದ ಗೆರೆ ಕೊರೆಯುತ್ತಾರೆ. ಬಿಗಿತವೆಲ್ಲ ಇರುವುದು ಅಲ್ಲೇ. ಅದು ಸಡಿಲಿಸಿದರೆ ಉಳಿದದ್ದು ಸುಲಭ.

ಹೊಸ ಬ್ಯಾರಲನ್ನು ಕೈಯಲ್ಲೇ ತಿರುಗಿಸಿದಾಗ ಫ್ರಂಟ್ ಸೈಟ್ ನೆಟ್ಟಗಾಗುವುದಕ್ಕೆ ಸ್ವಲ್ಪ ಮೊದಲೇ ನಿಲ್ಲಬೇಕು. ಆ ಕೊನೆಯ ಕೆಲವು ಡಿಗ್ರಿಗಳನ್ನು ಮಾತ್ರ ಪಾನಾ ಹಾಕಿ ಬಿಗಿಯುವುದು. ತೀರಾ ಮೊದಲೇ ನಿಂತರೆ ಶೋಲ್ಡರ್ ಸವರಬೇಕೇ ಹೊರತು ಬಲ ಹಾಕಬಾರದು. ಥ್ರೆಡ್ಡಿನ ಕೆಳಗೆ ಫ್ರೇಮ್ ತೆಳ್ಳಗಿರುತ್ತದೆ, ಬಿರುಕು ಅಲ್ಲೇ ಬರುತ್ತದೆ. ಬಿರುಕು ಬಿಡದಿದ್ದರೂ ಬ್ಯಾರಲಿನ ಒಳರಂಧ್ರ ಅಷ್ಟುದ್ದ ಹಿಂಡಿಕೊಳ್ಳುತ್ತದೆ. ಸೀಸದ ಗುಂಡು ಅಲ್ಲಿ ಸಣ್ಣದಾಗಿ ಮುಂದೆ ಅಗಲ ಜಾಗಕ್ಕೆ ಬಂದಾಗ ಸುತ್ತ ಅನಿಲ ಸೋರುತ್ತದೆ, ಸೀಸ ಮೆತ್ತಿಕೊಳ್ಳುತ್ತದೆ, ಗುರಿ ಕೆಡುತ್ತದೆ. ಮೆದು ಸೀಸದ ತುಂಡೊಂದನ್ನು ಸರಳಿನಿಂದ ಬ್ಯಾರಲಿನೊಳಗೆ ತಳ್ಳಿ ನೋಡಿದರೆ ಫ್ರೇಮಿನ ಹತ್ತಿರ ಸರಳು ಬಿಗಿಯುವುದು ಕೈಗೇ ಗೊತ್ತಾಗುತ್ತದೆ. ಇಷ್ಟಕ್ಕೂ ಅತಿ ಬಿಗಿತ ಬೇಕಿಲ್ಲ: ಗುಂಡು ಬಲಕ್ಕೆ ಸುತ್ತುವಂತೆ ಗೆರೆ ಕೊರೆದ ಬ್ಯಾರಲಿಗೆ ಬಲಥ್ರೆಡ್ ಇದ್ದರೆ, ಹೊಡೆದಾಗಿನ ಪ್ರತಿಬಲ ಅದನ್ನು ಬಿಗಿಯುವ ದಿಕ್ಕಿಗೇ ಇರುತ್ತದೆ.

ಶೋಲ್ಡರ್ ಸವರಿದ್ದರ ಬೆಲೆ ಹಿಂತುದಿಯಲ್ಲಿ ತೆರಬೇಕು. ಬ್ಯಾರಲ್ ಅಷ್ಟೇ ದೂರ ಸಿಲಿಂಡರಿನತ್ತ ಸರಿದಿರುತ್ತದೆ. ಸಂದು 0.10ರಿಂದ 0.20 ಮಿ.ಮೀ. ನಡುವೆ ಇದ್ದರೆ ಸರಿ, 0.15 ಒಳ್ಳೆಯದು. ಕಡಿಮೆಯಾದರೆ ಮಸಿ ಕಟ್ಟಿ, ಬಿಸಿಗೆ ಹಿಗ್ಗಿ ಸಿಲಿಂಡರ್ ಉಜ್ಜಿಕೊಂಡು ನಿಲ್ಲುತ್ತದೆ. ಹೆಚ್ಚಾದರೆ ಬಿಸಿ ಅನಿಲವೂ ಸೀಸದ ಚೂರೂ ಪಕ್ಕಕ್ಕೆ ಸಿಡಿದು ಗುಂಡಿನ ವೇಗ ತಗ್ಗುತ್ತದೆ. ಸಂದು ಅಳೆಯುವ ತೆಳು ತಗಡಾದ ಫೀಲರ್ ಗೇಜ್ ತೂರಿಸುವ ಮುಂಚೆ ಸಿಲಿಂಡರನ್ನು ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ ಒತ್ತಿ ಅಳೆಯಬೇಕು. ಎರಡಕ್ಕೂ ಇರುವ ವ್ಯತ್ಯಾಸವೇ ಸಿಲಿಂಡರಿನ ಆಟ. ಹಳೆಯ ರಿವಾಲ್ವರಿನಲ್ಲಿ ಅದು ಸವೆದು ಹೆಚ್ಚಾಗಿರುತ್ತದೆ, ಅದನ್ನು ಮೊದಲು ಸರಿಪಡಿಸದಿದ್ದರೆ ಸಂದಿನ ಅಳತೆಗೆ ಅರ್ಥವೇ ಇಲ್ಲ. ಹಿಂತುದಿಯನ್ನು ಕಟರಿನಿಂದ ಸವರುವಾಗ ಎರಡು ಮೂರು ಸುತ್ತು, ಚೂರು ಒರೆಸು, ಅಳೆ, ಮತ್ತೆ ಅದೇ. ಹೆಚ್ಚು ಸವರಿದರೆ ಲೋಹ ಮರಳಿ ಬಾರದು. ಶೋಲ್ಡರ್ ಇಳಿಸಿ ಬ್ಯಾರಲನ್ನು ಇನ್ನೊಂದು ಪೂರ್ತಿ ಸುತ್ತು ಒಳಗೆ ಹಾಕಿ ಎಲ್ಲ ಮೊದಲಿನಿಂದ ಮಾಡಬೇಕು.

ಸವರಿದ್ದು ಫೋರ್ಸಿಂಗ್ ಕೋನಿನ ಬಾಯಿಯನ್ನೂ ತಿಂದಿರುತ್ತದೆ. ಸಿಲಿಂಡರಿನಿಂದ ಹಾರಿದ ಗುಂಡನ್ನು ಬ್ಯಾರಲಿನೊಳಗೆ ಸೇರಿಸಿಕೊಳ್ಳುವ ಕೊಳವೆಬಾಯಿ ಅದು, ಮತ್ತೆ ಕೊರೆಯಲೇಬೇಕು. ಕೆ ಫ್ರೇಮಿನ ಹಳೆಯ .357 ಮ್ಯಾಗ್ನಮ್ ರಿವಾಲ್ವರುಗಳಲ್ಲಿ, ಉದಾಹರಣೆಗೆ ಮೊದಲಿನ ಮಾಡೆಲ್ 19ರಲ್ಲಿ, ಜಾಗ ಸಾಲದೆ ಬ್ಯಾರಲಿನ ಹಿಂತುದಿಯ ತಳವನ್ನು ಚಪ್ಪಟೆ ಮಾಡಿದ್ದಾರೆ. ಅಲ್ಲಿ ಗೋಡೆ ಬಹಳ ತೆಳು. 125 ಗ್ರೇನ್, ಅಂದರೆ ಸುಮಾರು 8 ಗ್ರಾಂ ತೂಕದ ವೇಗದ ಗುಂಡುಗಳನ್ನು ಸತತವಾಗಿ ಹೊಡೆದರೆ ಬಿರುಕು ಬರುವುದು ಆ ತಳದಲ್ಲೇ. ಬದಲಿಗೆಂದು ತಂದ ಹಳೆಯ ಬ್ಯಾರಲನ್ನು ಭೂತಗನ್ನಡಿಯಲ್ಲಿ ಮೊದಲು ನೋಡಬೇಕಾದ ಜಾಗವೂ ಅದೇ.

ಕಾನೂನಿನ ಮಾತು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಕೇಂದ್ರ ಕಾನೂನಿನ ಕಣ್ಣಿಗೆ ಫ್ರೇಮೇ ಬಂದೂಕು, ಬ್ಯಾರಲ್ ಬರೀ ಬಿಡಿಭಾಗ. ಎಷ್ಟೋ ದೇಶಗಳಲ್ಲಿ ಬ್ಯಾರಲಿಗೂ ಪರವಾನಗಿ ಬೇಕು. ಹಳೆಯ ಬ್ಯಾರಲನ್ನು ಎಸೆಯುವುದೂ ಬೇಡ: ಎಷ್ಟೋ ಹಳೆಯ ರಿವಾಲ್ವರುಗಳಲ್ಲಿ ಅದರ ತಳದಲ್ಲಿ ಫ್ರೇಮಿನದ್ದೇ ಕ್ರಮಸಂಖ್ಯೆ ಇರುತ್ತದೆ, ಸಂಗ್ರಾಹಕರು ಅದನ್ನೇ ಹುಡುಕುತ್ತಾರೆ.

ಮೂರು ಲೆಕ್ಕಗಳ ಗಂಟನ್ನು ಬಿಡಿಸಿದ್ದು 1968ರಲ್ಲಿ ಆರಂಭವಾದ ಡ್ಯಾನ್ ವೆಸನ್ ಕಂಪನಿ. ಅದರ ರಿವಾಲ್ವರಿನಲ್ಲಿ ಬ್ಯಾರಲ್ ಎಂದರೆ ಶೋಲ್ಡರೇ ಇಲ್ಲದ ತೆಳು ಕೊಳವೆ. ಸಂದಿನಲ್ಲಿ ಗೇಜ್ ಇಟ್ಟು, ಅದಕ್ಕೆ ತಾಗುವಷ್ಟು ಕೊಳವೆ ತಿರುಗಿಸಿದರೆ ಸಂದು ಸರಿ. ಫ್ರಂಟ್ ಸೈಟ್ ಇರುವುದು ಮೇಲೆ ತೊಡಿಸುವ ಹೊರಕವಚದಲ್ಲಿ, ಹಾಗಾಗಿ ಕೊಳವೆ ಎಷ್ಟು ತಿರುಗಿದರೂ ಸೈಟ್ ನೆಟ್ಟಗೇ. ಬಿಗಿತ ಬರುವುದು ಮೂತಿಯ ನಟ್ಟಿನಿಂದ. ಅದನ್ನು ಬಿಗಿದ ಮೇಲೆ ಮತ್ತೊಮ್ಮೆ ಗೇಜ್ ಹಾಕಿ ನೋಡಬೇಕು, ಏಕೆಂದರೆ ನಟ್ ಎಳೆದಾಗ ಕೊಳವೆ ಕೂದಲೆಳೆಯಷ್ಟು ಸರಿಯಬಹುದು.