ಒಂದೇ ಡೊಳ್ಳಿನ ಏಟು, ಹನ್ನೆರಡು ಸ್ವರ

1999ರ ಬೇಸಿಗೆ ರಜೆಯಲ್ಲಿ ದಾವಣಗೆರೆಯ ನಮ್ಮ ಮನೆಗೆ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಬಂತು. ಇಡಲು ಬೇರೆ ಜಾಗವಿರಲಿಲ್ಲ, ಅಡುಗೆಮನೆ ಬಾಗಿಲ ಪಕ್ಕದಲ್ಲೇ ಇಟ್ಟೆವು. ಅದರ ಜೊತೆ ಬಂದ ಒಂದು ಸಿ.ಡಿ.ಯಲ್ಲಿ ಫಾಸ್ಟ್‌ಟ್ರ್ಯಾಕರ್ 2 ಎಂಬ ಪ್ರೋಗ್ರಾಂ ಇತ್ತು. ಗೆಳೆಯನೊಬ್ಬ ಶಾಲೆಯ ಡೊಳ್ಳು ಕುಣಿತದ ತಂಡದಲ್ಲಿದ್ದ. ಅವನನ್ನು ಕಾಡಿ ಬೇಡಿ ಡೊಳ್ಳು ತರಿಸಿದೆ. ನಾನು ಮೈಕ್ ಹಿಡಿದೆ, ಅವನು ಒಂದು ಏಟು ಹೊಡೆದ. ಒಂದೇ ಒಂದು. ಆ ಏಟಿನಿಂದಲೇ ಇಬ್ಬರೂ ಸೇರಿ ಮೂರು ನಿಮಿಷದ ಹಾಡು ಮಾಡಿದೆವು.

ಇದನ್ನು ಹೇಳಿದಾಗಲೆಲ್ಲ ಯಾರಾದರೂ ಒಬ್ಬರು, 'ಅದೇನು ಬಿಡಿ, ಕಂಪ್ಯೂಟರೇ ಎಲ್ಲ ಮಾಡಿಬಿಡುತ್ತೆ' ಅನ್ನುತ್ತಾರೆ. ನನಗೆ ತಡೆಯಲಾಗುವುದಿಲ್ಲ. ಆ ಕಂಪ್ಯೂಟರ್ ಮಾಡಿದ್ದು ಒಂದೇ ಕೆಲಸ. ನಾವು ಬರೆದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿತು, ಅಷ್ಟೇ. ಹೇಗೆ ಓದಿತು ಅನ್ನುವುದೇ ಸೊಗಸು.

ಇಂಥ ಪ್ರೋಗ್ರಾಂಗಳಿಗೆ ಟ್ರ್ಯಾಕರ್ ಎಂದು ಹೆಸರು. ತೆರೆದರೆ ಹಾರ್ಮೋನಿಯಂ ಮನೆಗಳಿಲ್ಲ, ತಂತಿಗಳಿಲ್ಲ. ಬರೀ ಅಂಕಿ, ಅಕ್ಷರ. ಉದ್ದಕ್ಕೆ ಕೆಲವು ಕಾಲಂ, ಅಡ್ಡಕ್ಕೆ 64 ಸಾಲು. ಒಂದೊಂದು ಕಾಲಂ ಒಬ್ಬೊಬ್ಬ ವಾದಕನಿದ್ದಂತೆ. ಮಾಮೂಲಿ ವೇಗದಲ್ಲಿ ಒಂದು ಸಾಲಿಗೆ 0.12 ಸೆಕೆಂಡ್. ಯಾವ ಮನೆಯಲ್ಲಿ ಸ್ವರ ಬರೆದಿದೆಯೋ ಆಗ ಆ ವಾದಕ ನುಡಿಸುತ್ತಾನೆ. ಖಾಲಿ ಬಿಟ್ಟರೆ ಮೊದಲು ಹಿಡಿದ ಸ್ವರವೇ ಮುಂದುವರಿಯುತ್ತದೆ. ಅದೇ ಕಾಲಂನಲ್ಲಿ ಹೊಸ ಸ್ವರ ಬಂದ ಕೂಡಲೇ ಹಳೆಯದು ಅರ್ಧಕ್ಕೇ ನಿಲ್ಲುತ್ತದೆ.

ಮೊಳಕಾಲ್ಮೂರಿನ ಕೈಮಗ್ಗದ ಮುಂದೆ ನಿಂತವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಒಂದೊಂದು ಎಳೆ ಸೇರಿದಂತೆ ಸೀರೆಯಲ್ಲಿ ಹೂ ಮೂಡುತ್ತದೆ. ಈ ಹೋಲಿಕೆ ನನ್ನ ತಲೆಯಿಂದ ಹುಟ್ಟಿದ್ದೇನಲ್ಲ. ಫ್ರಾನ್ಸಿನ ಜಕಾರ್ಡ್ 1804ರಲ್ಲೇ ತೂತು ಕೊರೆದ ರಟ್ಟುಗಳನ್ನು ಮಗ್ಗಕ್ಕೆ ಕಟ್ಟಿದ. ಯಾವ ಎಳೆ ಏಳಬೇಕು ಅನ್ನುವುದನ್ನು ತೂತೇ ಹೇಳುತ್ತಿತ್ತು. ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆ ರಟ್ಟುಗಳನ್ನೇ ಎರವಲು ಪಡೆದ. ಆ ಯಂತ್ರದ ಬಗ್ಗೆ 1843ರಲ್ಲಿ ಟಿಪ್ಪಣಿ ಬರೆದ ಏಡಾ ಲವ್‌ಲೇಸ್, ಜಕಾರ್ಡ್ ಮಗ್ಗ ಹೂವು ಎಲೆ ನೇಯುವ ಹಾಗೆ ಇದು ಬೀಜಗಣಿತ ನೇಯುತ್ತದೆ ಎಂದರು. ಸ್ವರಗಳ ಸಂಬಂಧವನ್ನು ನಿಯಮದಲ್ಲಿ ಹಿಡಿದುಕೊಟ್ಟರೆ ಸಂಗೀತವನ್ನೂ ಕಟ್ಟಬಹುದು ಎಂದರು. ಆ ಯಂತ್ರ ಕೊನೆಗೂ ಪೂರ್ತಿಯಾಗಲಿಲ್ಲ. ಮಾತು ಮಾತ್ರ ನಿಜವಾಯಿತು.

1985ರಲ್ಲಿ ಅಮಿಗಾ ಎಂಬ ಕಂಪ್ಯೂಟರ್ ಮಾರುಕಟ್ಟೆಗೆ ಬಂತು. ಅದರೊಳಗೆ ಪೌಲಾ ಎಂಬ ಚಿಪ್ ಇತ್ತು. ಒಟ್ಟಿಗೆ ನಾಲ್ಕು ಶಬ್ದ ನುಡಿಸುವುದು ಅದರ ತಾಕತ್ತು. ಜರ್ಮನಿಯ ಕಾರ್‌ಸ್ಟೆನ್ ಓಬಾರ್‌ಸ್ಕಿ 1987ರಲ್ಲಿ ಅದಕ್ಕಾಗಿ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರ್ ಬರೆದರು. ಸ್ವೀಡನ್ನಿನ ಟ್ರೈಟನ್ ಗುಂಪಿನ ನಮ್ಮ ಫಾಸ್ಟ್‌ಟ್ರ್ಯಾಕರ್ ಅದರದೇ ವಂಶದ್ದು.

ಈಗ ಒಂದು ಏಟು ಹನ್ನೆರಡು ಸ್ವರವಾಗುವ ಗುಟ್ಟಿಗೆ ಬರುತ್ತೇನೆ. ಟೇಪ್ ರೆಕಾರ್ಡರಿನಲ್ಲಿ ಶೆಲ್ ಇಳಿದಾಗ ಏನಾಗುತ್ತಿತ್ತು, ನೆನಪಿದೆಯಾ? ಕ್ಯಾಸೆಟ್ ನಿಧಾನವಾಗಿ, ಹಾಡುವವರ ದನಿ ಗೊಗ್ಗರಾಗುತ್ತಿತ್ತು. ಫಾಸ್ಟ್ ಫಾರ್ವರ್ಡ್ ಜೊತೆ ಪ್ಲೇ ಒತ್ತಿದರೆ ಕೀರಲಾಗುತ್ತಿತ್ತು. ಸೈಕಲ್ ಚಕ್ರದ ಕಡ್ಡಿಗಳಿಗೆ ರಟ್ಟು ಸಿಕ್ಕಿಸಿ ಓಡಿಸಿದವರಿಗೂ ಇದು ಗೊತ್ತು. ಜೋರಾಗಿ ತುಳಿದರೆ ಸದ್ದು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ರಟ್ಟು ಅದೇ, ಕಡ್ಡಿ ಅವೇ. ಬದಲಾಗಿದ್ದು ಒಂದು ಸೆಕೆಂಡಿಗೆ ಎಷ್ಟು ಏಟು ಅನ್ನುವುದು ಮಾತ್ರ.

ಪೌಲಾ ಮಾಡುತ್ತಿದ್ದದ್ದೂ ಇದನ್ನೇ. ಸೆಕೆಂಡಿಗೆ ಸುಮಾರು 35 ಲಕ್ಷ ಸಲ ಮಿಡಿಯುವ ಗಡಿಯಾರ ಅದರದ್ದು. ದಾಖಲಾದ ಶಬ್ದ ಅಂದರೆ ಅಂಕಿಗಳ ಒಂದು ಸಾಲು. ಒಂದು ಅಂಕಿ ಓದಿ, 428 ಮಿಡಿತ ಕಾದು, ಮುಂದಿನದನ್ನು ಓದು ಎಂದರೆ ಒಂದು ಸ್ವರ. 214 ಮಿಡಿತ ಕಾದರೆ ಸಾಕು ಎಂದರೆ ಓದುವ ವೇಗ ಎರಡು ಪಟ್ಟು. ಅದೇ ಮೇಲಿನ ಸ್ಥಾಯಿ! ನಡುವೆ 404, 381, 360, 339 ಹೀಗೆ ಇಳಿಯುತ್ತಾ ಹೋದರೆ ಹನ್ನೆರಡೂ ಸ್ವರ. ಷಡ್ಜ ಅಂದರೂ ಪಂಚಮ ಅಂದರೂ ಚಿಪ್ಪಿಗೆ ಅದು ಬರೀ 'ಎಷ್ಟು ಕಾಯಲಿ?' ಎಂಬ ಪ್ರಶ್ನೆ. ಇದು ತಿಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇದಕ್ಕೊಂದು ಬೆಲೆಯೂ ಇದೆ. ನಿಧಾನವಾಗಿ ಓದಿದರೆ ಶಬ್ದ ಇಳಿಯುವುದರ ಜೊತೆ ಉದ್ದವೂ ಆಗುತ್ತದೆ. ಡೊಳ್ಳಿನ ಗಾತ್ರವೇ ಹಿಗ್ಗಿದಂತೆ ಕೇಳುತ್ತದೆ. ಗೆಳೆಯನ 'ಆ' ಎಂಬ ದನಿಯನ್ನೂ ಹೀಗೇ ಏರಿಸಿ ನೋಡಿದೆವು. ಚಿಕ್ಕ ಮಗುವಿನ ದನಿಯಾಯಿತು. ನಾವು ಮೇಲಿನ ಸ್ವರ ಹಾಡಿದರೂ ಬಾಯಿ, ಗಂಟಲಿನ ಅಳತೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಅಲ್ವಾ? ಓದುವ ವೇಗ ಹೆಚ್ಚಿಸಿದಾಗ ಆ ಬಾಯಿಯೂ ಕುಗ್ಗಿದಂತೆ ಕೇಳುತ್ತದೆ. ಹಳೆಯ ಟ್ರ್ಯಾಕರ್ ಹಾಡುಗಳ ರುಚಿಯಲ್ಲಿ ದೊಡ್ಡ ಪಾಲು ಇದರದ್ದೇ.

ಜಾಗದ ಲೆಕ್ಕ ಕೇಳಿ. ನಾಲ್ಕು ಕಾಲಂ, 64 ಸಾಲು, ಮನೆಗೆ 4 ಬೈಟ್. ಒಟ್ಟು 1024 ಬೈಟ್. ಇದು 7.68 ಸೆಕೆಂಡ್ ನುಡಿಯುತ್ತದೆ. ಅಷ್ಟೇ ಹೊತ್ತನ್ನು ಆಡಿಯೋ ಸಿ.ಡಿ. ಗುಣಮಟ್ಟದಲ್ಲಿ ಹಿಡಿದಿಡಲು ಸುಮಾರು 13.5 ಲಕ್ಷ ಬೈಟ್ ಬೇಕು. ಒಂದು ಫ್ಲಾಪಿ ಹೆಚ್ಚುಕಮ್ಮಿ ತುಂಬಿಹೋಗುತ್ತದೆ. ನಮ್ಮದು ಪಟ್ಟಿ ಮತ್ತು ಒಂದು ಏಟು. ಪೂರ್ತಿ ಹಾಡು ಫ್ಲಾಪಿಯಲ್ಲಿ ಕೂತು ಗೆಳೆಯನ ಜೇಬಿನಲ್ಲಿ ಹೋಯಿತು.

ಸ್ವರ ಅಂದರೆ ಕಾಯುವ ಲೆಕ್ಕ ಎಂದು ಕೈಯಾರೆ ಕಂಡವರಿಗೆ ಇತ್ತೀಚಿನ ವಾಟ್ಸಾಪ್ ಸಂದೇಶಗಳು ಬೇಸರ ತರಿಸುತ್ತವೆ. 432 ಹರ್ಟ್ಜ್ ಪ್ರಕೃತಿಯ ನಾದವಂತೆ, ರೋಗ ವಾಸಿ ಮಾಡುತ್ತದಂತೆ, 440 ಕೆಟ್ಟದ್ದಂತೆ. ಹರ್ಟ್ಜ್ ಅಂದರೆ ಒಂದು ಸೆಕೆಂಡಿನಲ್ಲಿ ಎಷ್ಟು ಕಂಪನ ಎಂಬ ಎಣಿಕೆ. ದಿನವನ್ನು 24 ಗಂಟೆ, ಗಂಟೆಯನ್ನು 60 ನಿಮಿಷ, ನಿಮಿಷವನ್ನು 60 ಸೆಕೆಂಡ್ ಮಾಡಿದವರು ಮನುಷ್ಯರು. ಬೇರೆ ರೀತಿ ಹಂಚಿದ್ದರೆ ಅದೇ ನಾದಕ್ಕೆ ಬೇರೆ ಅಂಕಿ ಬರುತ್ತಿತ್ತು. 440 ಕೂಡ ಪವಿತ್ರವೇನಲ್ಲ, ಎಲ್ಲರ ವಾದ್ಯಗಳ ಶ್ರುತಿ ಒಂದೇ ಇರಲೆಂದು 1939ರಲ್ಲಿ ಲಂಡನ್ನಿನಲ್ಲಿ ಕೂತು ಮಾಡಿಕೊಂಡ ಒಪ್ಪಂದ. ನಮ್ಮ ಗಾಯಕರು ಮೊದಲಿನಿಂದಲೂ ತಮ್ಮ ಗಂಟಲಿಗೆ ಒಗ್ಗುವ ಕಡೆ ಷಡ್ಜ ಇಟ್ಟುಕೊಂಡೇ ಹಾಡುತ್ತಿದ್ದಾರೆ. ನಮ್ಮ ಡೊಳ್ಳಿನ ಹಾಡನ್ನು 432ಕ್ಕೆ ಇಳಿಸಿ ಕೇಳಿದೆ. ಒಂದು ಸ್ವರಸ್ಥಾನದ ಮೂರರಲ್ಲೊಂದು ಪಾಲು ಕೆಳಗಿಳಿಯಿತು, ಅಷ್ಟೇ. ಔಷಧಿ ತೆಗೆದುಕೊಳ್ಳುವವರು ದಯವಿಟ್ಟು ಇಂಥದ್ದನ್ನು ನಂಬಿ ಮಾತ್ರೆ ಬಿಡಬೇಡಿ.

ಹಾಗೆ ಇಳಿಸಲೆಂದು ಆ ಹಳೇ ಫೈಲನ್ನು ಈಚೆಗೆ ಈಗಿನ ಟ್ರ್ಯಾಕರ್ ಆದ ಓಪನ್‌ಎಂಪಿಟಿಯಲ್ಲಿ ತೆರೆದಿದ್ದೆ. ಸುಮ್ನೆ ಕುತೂಹಲಕ್ಕೆ ಡೊಳ್ಳಿನ ಸ್ಯಾಂಪಲ್, ಅಂದರೆ ದಾಖಲಿಸಿದ್ದ ಆ ಏಟು, ಅದೊಂದನ್ನೇ ಕೊನೆಯವರೆಗೆ ಬಿಟ್ಟೆ. ಏಟಿನ ಬಾಲ ಕತ್ತರಿಸುವುದನ್ನು ಅವತ್ತು ಮರೆತಿದ್ದೆವು. ಹಾಡಿನಲ್ಲಿ ಮುಂದಿನ ಏಟು ಬಂದು ಹಿಂದಿನದನ್ನು ನಿಲ್ಲಿಸುತ್ತಿದ್ದರಿಂದ ಆ ಬಾಲ ಯಾರಿಗೂ ಕೇಳಿರಲಿಲ್ಲ. ಅಲ್ಲಿ ಅಮ್ಮನ ಕುಕ್ಕರ್ ಕೂಗುತ್ತಿತ್ತು. ಮೂರು ಸೆಕೆಂಡಿನ ಕೂಗು. ಎರಡು ಸ್ಥಾಯಿ ಕೆಳಗಿನ ಮನೆ ಒತ್ತಿದೆ. ಹನ್ನೆರಡು ಸೆಕೆಂಡ್ ಉದ್ದವಾಯಿತು. ಚಿಕ್ಕಂದಿನಲ್ಲಿ ದಿನಾ ಕೇಳುತ್ತಿದ್ದ ಕಾಟನ್ ಮಿಲ್ಲಿನ ಸೈರನ್ ಥೇಟ್ ಹೀಗೇ ಇತ್ತು.